ನೂರಾ ಹದಿನಾಲ್ಕನೇ ಮಗ್ಗ ಕಂಡ ಗಿರಣಿಚಾಳ

ನಾನು ಒಂದು ಮಗ್ಗ. ಎರಕದ ಕಬ್ಬಿಣದ ಮೈ, ನಂಬರು ನೂರಾ ಹದಿನಾಲ್ಕು. ಹಡಗು, ರೈಲು, ಎತ್ತಿನ ಗಾಡಿ ಎಲ್ಲ ಹತ್ತಿಳಿದು ಈ ಬಟ್ಟೆ ಗಿರಣಿಗೆ ಬಂದೆ. ನೆಲಕ್ಕೆ ಬೋಲ್ಟು ಬಿಗಿದರು. ಮತ್ತೆ ಹೊರಗಿನದೇನನ್ನೂ ಕಾಣಲಿಲ್ಲ.

ಊರು ಬೆಳೆದದ್ದನ್ನು ನಾನು ಕೇಳಿಯೇ ಬಲ್ಲೆ. ಊಟದ ಬಿಡುವಿನಲ್ಲಿ ನೇಕಾರರು ಹೇಳಿಕೊಳ್ಳುತ್ತಿದ್ದರು. ನದಿದಂಡೆಯ ನಾಲ್ಕು ಗುಡಿಸಲಿದ್ದಲ್ಲಿ ಕೆಲಸಗಾರರ ಸಾಲುಮನೆಗಳ ಚಾಳು ಎದ್ದಿತಂತೆ, ಮಕ್ಕಳಿಗೆ ಸಾಲೆ ಬಂತಂತೆ, ಚಹಾದಂಗಡಿ ಆಯಿತಂತೆ, ಕೊನೆಗೆ ಟಾಕೀಸೂ ಆಯಿತಂತೆ. ಊರಿಗೆ ಗಿರಣಿಚಾಳ ಎಂದೇ ಹೆಸರು ಬಿತ್ತು.

ನನ್ನ ಕೊನೆಯ ನೇಕಾರ ಅಡಿವೆಪ್ಪ. ಎಳೆ ಹರಿದರೆ ನಾನು ನಿಲ್ಲುವ ಮೊದಲೇ ಅವನ ಬೆರಳು ಅಲ್ಲಿರುತ್ತಿತ್ತು. ಅವನ ಹೆಂಡತಿ ಸಂಕವ್ವ ಪಕ್ಕದ ಶೆಡ್ಡಿನಲ್ಲಿ ನೂಲು ಸುತ್ತುತ್ತಿದ್ದಳು.

ಒಂದು ಮಂಗಳವಾರ ಮಧ್ಯಾಹ್ನ ಲಾಳಿ ನಡುದಾರಿಯಲ್ಲಿ ನಿಂತುಬಿಟ್ಟಿತು. ಕರೆಂಟು ಹೋಯಿತೆಂದುಕೊಂಡೆ. ಯಾರೋ ಓಡಿಬಂದರು.

"ಗೇಟಿಗೆ ಚೀಟಿ ಹಚ್ಚ್ಯಾರ! ಗಿರಣಿ ಬಂದ್ ಅಂತ!"

"ಹೆಂಗ ಬಂದ್ ಮಾಡ್ತಾರೋ?" ಅಡಿವೆಪ್ಪ ಬೆಪ್ಪಾಗಿ ನನ್ನನ್ನೇ ನೋಡಿದ. "ಥಾನ ಇನ್ನೂ ಅರ್ಧಾ ಐತಿ!"

ಆ ಅರ್ಧ ಬಟ್ಟೆ ಒಂಬತ್ತು ವರ್ಷ ನನ್ನ ಮೇಲೆಯೇ ಕೊಳೆಯಿತು.

ಆಮೇಲೆ ಒಂದು ಬೆಳಿಗ್ಗೆ ಬಾಗಿಲು ತೆರೆಯಿತು. ಬಂದವನು ಅಡಿವೆಪ್ಪ! ಗಡ್ಡ ಬೆಳ್ಳಗಾಗಿತ್ತು. ಹೆಗಲ ಟವೆಲಿನಿಂದ ನನ್ನ ಮೈಯ ಧೂಳು ಒರೆಸಿದ. ಮತ್ತೆ ಶುರುವಾಯಿತು ಎಂದು ನಾನು ಹಿಗ್ಗಿದೆ.

"ಒರಸೂದೇನೋ? ಒಡಿ!" ಗುಜರಿ ಗುತ್ತಿಗೆದಾರ ಕೂಗಿದ.

"ಧೂಳಿದ್ರ ಸುತ್ತಿಗಿ ಜಾರತೈತ್ರೀ" ಎಂದ ಅಡಿವೆಪ್ಪ.

ಸುತ್ತಿಗೆಯೇ! ನನಗೆ ಅರ್ಥವಾಗುವುದರೊಳಗೆ ಏಟು ಬಿದ್ದಿತ್ತು. ಬೇರೆ ಮಗ್ಗಗಳಿಗೆ ಹತ್ತು ಹನ್ನೆರಡು ಏಟು ಬೇಕಾದವು. ನನಗೆ ಒಂದೇ ಸಾಕಾಯಿತು. ಎಲ್ಲಿ ಹೊಡೆಯಬೇಕೆಂದು ಅವನಿಗೆ ಗೊತ್ತಿತ್ತು.

ಮಧ್ಯಾಹ್ನ ಸಂಕವ್ವ ಈಗವರಿರುವ ಪಕ್ಕದ ಹಳ್ಳಿಯಿಂದ ಬುತ್ತಿ ತಂದಳು. ತಲೆಗೆ ಹೂವು, ಮೈಮೇಲೆ ಪೆಟ್ಟಿಗೆಯಲ್ಲಿಟ್ಟಿದ್ದ ಸೀರೆ. ಗಿರಣಿ ಚಾಲೂ ಆಗುತ್ತದೆಂದು ಗಂಡ ಮನೆಯಲ್ಲಿ ಹೇಳಿದ್ದನಂತೆ.

"ಏನ್ರೀ, ಯಾವ ಪಾಳಿ ಕೊಟ್ರು?" ಎನ್ನುತ್ತಲೇ ಒಳಗೆ ಬಂದವಳು ಹೊಸ್ತಿಲಲ್ಲೇ ಕಲ್ಲಾದಳು. ಶೆಡ್ಡಿನ ತುಂಬ ನಾವು ತುಂಡುತುಂಡಾಗಿ ಬಿದ್ದಿದ್ದೆವು.

ಅಡಿವೆಪ್ಪ ತಲೆ ಎತ್ತಲಿಲ್ಲ. "ಖರೇ ಹೇಳಿದ್ರ ನೀ ಕಳಸ್ತಿದ್ದಿಲ್ಲ."

ಅವಳು ಬಂದು ನನ್ನ ಮುರಿದ ಅಂಚಿನ ಮೇಲೆ ಕೈಯಾಡಿಸಿದಳು. ಬುತ್ತಿ ಬಿಚ್ಚಿ ಅವನ ಮುಂದಿಟ್ಟಳು.

"ಉಣ್ರಿ. ಆಮ್ಯಾಲೆ ನಾನೂ ಕೈ ಹಚ್ಚತೀನಿ."

ನನ್ನ ತುಂಡುಗಳನ್ನು ಬುಟ್ಟಿಯಲ್ಲಿ ಹೊತ್ತು ಲಾರಿಗೆ ಹಾಕಿದವಳು ಅವಳೇ.

ಲಾರಿ ಗೇಟು ದಾಟಿತು. ಅಷ್ಟು ವರ್ಷ ಕೇಳಿದ್ದ ಊರನ್ನು ಆಗ ಕಂಡೆ. ಚಾಳಿನ ಸಾಲುಸಾಲು ಮನೆಗಳಿಗೆ ಬಾಗಿಲಿರಲಿಲ್ಲ. ಸಾಲೆಯ ಅಂಗಳದಲ್ಲಿ ಜಾಲಿ ಬೆಳೆದಿತ್ತು. ಟಾಕೀಸಿಗೆ ಗೋಡೆ ಇತ್ತು, ಮೇಲೆ ಬರೀ ಆಕಾಶ.

ಈಗ ಗುಜರಿ ಅಂಗಳದ ಮೂಲೆಯಲ್ಲಿ ಕುಲುಮೆಗೆ ಕಾದು ಬಿದ್ದಿದ್ದೇನೆ. ಬೆಂಕಿಯ ಭಯವಿಲ್ಲ, ಕೊರಗು ಒಂದೇ. ನಾನೂ ಸೇರಿ ಕಟ್ಟಿದ ಊರು ಅದು. ನೋಡಿದ್ದು ಒಂದೇ ಸಲ, ಅದೂ ಲಾರಿಯ ಮೇಲಿಂದ. ಇದೇ ಗಿರಣಿಚಾಳವೇ ಎಂದು ಯಾರನ್ನಾದರೂ ಕೇಳೋಣವೆಂದರೆ ದಾರಿಯಲ್ಲಿ ಒಬ್ಬರೂ ಇರಲಿಲ್ಲ.