ಮುಚ್ಚಳದಮ್ಮ

ಕೋಪ ಉಳಿದವರಿಗೆ ಮೂಗಿನ ತುದಿಯಲ್ಲಿರುತ್ತದಂತೆ, ಅವರಿಗೆ ಅಂಗೈಯಲ್ಲಿತ್ತು. ನಮ್ಮ ಕಚೇರಿಯ ಜೆರಾಕ್ಸ್ ಯಂತ್ರದ ಮುಚ್ಚಳವೆತ್ತಿ, ಗಾಜಿನ ಮೇಲೆ ಯಾರೋ ಮರೆತುಹೋದ ಮೂಲಪ್ರತಿಯನ್ನು ಹೊರತೆಗೆದು, ಮತ್ತೆ ಆ ಮುಚ್ಚಳವನ್ನು ಅಂಗೈಯಿಂದ ಧಪ್ಪೆಂದು ಒತ್ತುವ ಸದ್ದು ಕಾರಿಡಾರಿನ ಆ ತುದಿಯಲ್ಲಿ ಹುಟ್ಟಿದರೆ, ಈ ತುದಿಯಲ್ಲಿ ಕುಳಿತ ನಾವೆಲ್ಲ ಜೇಬು, ಮೇಜಿನ ಖಾನೆ, ಕೈಚೀಲ ತಡಕಾಡಿಕೊಳ್ಳುತ್ತಿದ್ದೆವು. ಬೆನ್ನಲ್ಲೇ ಚಪ್ಪಲಿಯ ಟಪಟಪ, ಮೊಣಕೈ ಸವೆದ ಬೂದು ಕೋಟು, ಎಡಗಾಲನ್ನು ಕೊಂಚ ಎಳೆದು ಹಾಕುವ ನಡಿಗೆ. ಕಾಗದವನ್ನು ಬರಹ ಕಾಣದಂತೆ ಎದೆಗೊತ್ತಿಕೊಂಡು ಹಜಾರದ ನಡುವೆ ನಿಂತು ಅವರು ಕೇಳುತ್ತಿದ್ದುದು ಒಂದೇ ಮಾತು: "ಇದು ಯಾರದು?"

ಓದಿದರೆ ಯಾರದೆಂದು ಗೊತ್ತಾಗುತ್ತದಲ್ಲ ಎಂದು ಹೊಸಬರು ನಗುತ್ತಿದ್ದರು. ಅವರು ಓದುತ್ತಿರಲಿಲ್ಲ. ಆ ಗಾಜಿನ ಮೇಲಿಂದ ತೆಗೆದ ಒಂದು ಹಾಳೆಯನ್ನೂ ಅವರು ತಿರುವಿ ನೋಡಿದ್ದನ್ನು ನಾನು ಕಂಡಿಲ್ಲ. ವಾರಸುದಾರರು ತಲೆ ತಗ್ಗಿಸಿ ಬಂದು ಕೈಚಾಚಿದರೆ ಕಾಗದದ ಜೊತೆಗೆ ಮಂಗಳಾರತಿಯೂ ಸಿಗುತ್ತಿತ್ತು: ಮನೆಯ ಗುಟ್ಟನ್ನು ಬೀದಿಯಲ್ಲಿ ಹರವುವವರೆಂದು, ನಾಳೆ ತಲೆಯನ್ನೂ ಇಲ್ಲೇ ಮರೆತು ಹೋಗುವವರೆಂದು. ಕಚೇರಿ ಅವರಿಗೆ ಮುಚ್ಚಳದಮ್ಮ ಎಂದು ಹೆಸರಿಟ್ಟಿತು. ಅವರ ಯಜಮಾನರು ಗಡಿಯಾರ ರಿಪೇರಿ ಮಾಡುವ ಸಾಧು ಮನುಷ್ಯ. ಒಮ್ಮೆ ಬಸ್ ನಿಲ್ದಾಣದಲ್ಲಿ ಸಿಕ್ಕಾಗ ಈ ಹೆಸರು ಕೇಳಿ ಮನಸಾರೆ ನಕ್ಕರು. "ಮನೇಲೂ ಹಾಗೇನೇ. ಪಾತ್ರೆ ಆಯ್ತು, ಡಬ್ಬಿ ಆಯ್ತು, ನಾನು ಬಾಯಿ ತೆರೆದ್ರೆ ಅದಕ್ಕೂ ಮುಚ್ಚಳ."

ಹಳೆಯ ಯಂತ್ರ ಮುದಿಯಾಗಿ ಪ್ರತಿ ಹಾಳೆಗೂ ಕರಿಗೆರೆ ಬಳಿಯತೊಡಗಿದಾಗ ಹೊಸ ಡಿಜಿಟಲ್ ಯಂತ್ರ ಬಂತು, ಅದರೊಂದಿಗೆ ಟೈ ಕಟ್ಟಿದ ಮಾರಾಟಗಾರನೂ ಬಂದ. ಹಾಳೆಯ ಎರಡೂ ಮಗ್ಗುಲಿಗೆ ತಾನೇ ಅಚ್ಚು ಹಾಕುತ್ತದೆ, ಪ್ರತಿಗಳನ್ನು ಜೋಡಿಸಿ ಮೂಲೆಗೆ ಪಿನ್ ಹೊಡೆಯುತ್ತದೆ, ಗುರುತಿನ ಚೀಟಿಯ ಹಿಂದುಮುಂದನ್ನು ಒಂದೇ ಪುಟಕ್ಕೆ ತರುತ್ತದೆ, ಸ್ಕ್ಯಾನ್ ಮಾಡಿದ್ದನ್ನು ನೇರವಾಗಿ ಮೇಲ್ ಮಾಡುತ್ತದೆ ಎಂದು ಅವನು ಮದುವೆ ದಲ್ಲಾಳಿಯಂತೆ ಗುಣಗಾನ ಮಾಡಿದ. ಮುಚ್ಚಳದಮ್ಮನಿಗೆ ಹಿಡಿಸಿದ್ದು ಒಂದೇ ಸೌಲಭ್ಯ. ಮೇಜಿನ ಕಂಪ್ಯೂಟರಿನಿಂದ ಕಳಿಸಿದ ಪುಟ, ಕಳಿಸಿದವರೇ ಬಂದು ಯಂತ್ರದ ಮುಂದೆ ನಿಂತು ತಮ್ಮ ಗುಟ್ಟಿನ ಸಂಖ್ಯೆ ಒತ್ತುವ ತನಕ ಹೊರಗೆ ಬರುವುದಿಲ್ಲ. "ಇದಕ್ಕೆ ಮಾನ ಇದೆ," ಎಂದರು. ಅವರ ಬಾಯಿಂದ ಅಂಥ ಹೊಗಳಿಕೆ ನಮಗಾರಿಗೂ ಸಿಕ್ಕಿರಲಿಲ್ಲ. ಯಂತ್ರದ ಉಸ್ತುವಾರಿಯನ್ನೂ ಅವರೇ ಕೇಳಿ ಪಡೆದರು.

ಮೇಲಧಿಕಾರಿಗೆ ಹಿಡಿಸಿದ ಸೌಲಭ್ಯ ಬೇರೆಯಿತ್ತು. ಈ ಯಂತ್ರಕ್ಕೆ ಸ್ಮರಣಶಕ್ತಿಯಿದೆ. ಬೇಕೆಂದರೆ ನಕಲಾದ ಪ್ರತಿ ಪುಟವನ್ನೂ ತನ್ನೊಳಗೆ ಇಟ್ಟುಕೊಳ್ಳುತ್ತದೆ. ಯಂತ್ರ ಕೂರಿಸಲು ಬಂದ ಮೆಕ್ಯಾನಿಕ್‌ನಿಗೆ ಹೇಳಿ ಆತ ಆ ಏರ್ಪಾಡನ್ನು ಸದ್ದಿಲ್ಲದೆ ಚಾಲೂ ಮಾಡಿಸಿಕೊಂಡಿದ್ದ; ನಾವು ಗಾಜಿನ ಮೇಲೆ ಇಟ್ಟದ್ದೆಲ್ಲ ಅವನ ಕೋಣೆಯ ಪರದೆಯ ಮೇಲೆ ಮೂಡುತ್ತಿತ್ತು. ಇದನ್ನು ಬರೆಯುವಾಗ ಈಗಲೂ ನನ್ನ ಮೈ ಉರಿಯುತ್ತದೆ. ಯಂತ್ರವನ್ನು ನಾನು ಬೈಯಲಾರೆ. ನೆನಪಿಡು ಎಂದರೆ ನೆನಪಿಡುತ್ತದೆ, ಅಳಿಸು ಎಂದರೆ ಅಳಿಸುತ್ತದೆ. ಇಣುಕಿ ನೋಡುವ ಚಪಲ ಕಬ್ಬಿಣಕ್ಕಿಲ್ಲ.

ಲೆಕ್ಕಪತ್ರ ವಿಭಾಗದಲ್ಲಿ ಒಬ್ಬಳು ಹುಡುಗಿಯಿದ್ದಳು, ಕೆಲಸ ಇನ್ನೂ ಕಾಯಂ ಆಗಬೇಕಿದ್ದವಳು. ಹಾಸಿಗೆ ಹಿಡಿದ ಅಪ್ಪ, ಓದುತ್ತಿದ್ದ ತಂಗಿ, ಇಬ್ಬರಿಗೂ ಅವಳ ಸಂಬಳವೇ ಆಧಾರ. ಇನ್ನೊಬ್ಬ ವೈದ್ಯರಿಗೆ ತೋರಿಸಲೆಂದು ತನ್ನ ತಪಾಸಣೆಯ ವರದಿಯ ನಕಲು ತೆಗೆದುಕೊಂಡಳು. ಯಾವ ಕಾಯಿಲೆಯೆಂದು ನಾನು ಬರೆಯುವುದಿಲ್ಲ. ಬರೆದರೆ ಮುಚ್ಚಳದಮ್ಮ ಎದ್ದು ಬಂದು ನನ್ನ ಕಿವಿ ಹಿಂಡಿಯಾರು. ಆ ವಾರವೇ ಮೇಲಧಿಕಾರಿ ಅವಳನ್ನು ಕರೆಸಿ, ಮೈ ಸರಿಯಿಲ್ಲದವರನ್ನು ಕಾಯಂ ಮಾಡಿ ಸಂಸ್ಥೆ ಏನು ಮಾಡಬೇಕು ಎಂದು ಕೇಳಿದ. ಅವನ ಮೇಜಿನ ಮೇಲೆ ಅವಳ ವರದಿ ಇತ್ತು. ಗಾಜಿನ ಮೇಲೆ ಅವಳು ಅದನ್ನು ಕೊಂಚ ಸೊಟ್ಟಗೆ ಇಟ್ಟಿದ್ದಳು, ಒಂದು ಮೂಲೆ ಮಡಚಿಕೊಂಡಿತ್ತು. ಅಲ್ಲಿದ್ದ ಪ್ರತಿಯೂ ಅಷ್ಟೇ ಸೊಟ್ಟಗಿತ್ತು, ಅದೇ ಮೂಲೆ ಮಡಚಿತ್ತು.

ಅವಳು ಅಳುತ್ತ ಬಂದು ಹೇಳಿದ್ದು ಮುಚ್ಚಳದಮ್ಮನಿಗೆ. ಅಂದು ಅಂಗೈ ಸದ್ದು ಮಾಡಲಿಲ್ಲ. ಮೆಕ್ಯಾನಿಕ್‌ನನ್ನು ಕರೆಸಿ ವಿಷಯ ಬಾಯಿಬಿಡಿಸಿದರು. ಉಸ್ತುವಾರಿಯ ಅಧಿಕಾರದಿಂದ, ಯಂತ್ರ ಬಚ್ಚಿಟ್ಟಿದ್ದ ಪುಟಗಳನ್ನೆಲ್ಲ ಅಳಿಸಿಹಾಕಿಸಿ, ಇನ್ನು ಮುಂದೆ ಪ್ರತಿ ನಕಲಾದೊಡನೆ ಅದರ ಕುರುಹೂ ಉಳಿಯದಂತೆ ಮಾಡಿಸಿದರು. ಆ ಸೌಲಭ್ಯವೂ ಯಂತ್ರದಲ್ಲಿತ್ತು. ಮಾರಾಟಗಾರ ಅದನ್ನು ಹೇಳಿರಲೇ ಇಲ್ಲ. ಆಮೇಲೆ ನಾವು ಕೆಲವರು ವಾರದ ಸಭೆಗೆ ಕುಳಿತಿದ್ದ ಮೇಲಧಿಕಾರಿಯ ಕೋಣೆಗೆ ಬಾಗಿಲು ತಟ್ಟದೆ ಬಂದರು. ಮೇಜಿನ ಮೇಲಿದ್ದ ಆ ಸೊಟ್ಟ ಹಾಳೆಯನ್ನು ಮಗುಚಿ, ಎತ್ತಿ, ಎದೆಗೊತ್ತಿಕೊಂಡರು.

"ಇದು ಯಾರದು?"

ಅದು ಆಡಳಿತದ ವಿಷಯ, ಅಲ್ಲೇ ಇಡಬೇಕು ಎಂದ ಅವನು. ಸುತ್ತ ಕುಳಿತವರಿಗೆ ಫ್ಯಾನಿನ ರೆಕ್ಕೆಗಳಲ್ಲಿ ಒಮ್ಮೆಲೇ ಆಸಕ್ತಿ ಹುಟ್ಟಿತು.

"ಆಡಳಿತದ್ದಾದ್ರೆ ನಿಮಗೆ ಯಾರು ಕೊಟ್ರು ಹೇಳಿ. ಅವಳು ಕೊಟ್ಟಿಲ್ಲ, ನಾನು ಕೊಟ್ಟಿಲ್ಲ. ಮಿಷನ್ ಕೊಡ್ತು ಅನ್ಬೇಡಿ ಸರ್, ಅದಕ್ಕೆ ಕೈ ಇಲ್ಲ."

ಎಲ್ಲಿಂದ ಬಂತೆಂದು ಹೇಳಲಾಗದ ಕಾಗದದ ಮೇಲೆ ಅವನು ಆದೇಶ ಬರೆಯುವಂತಿರಲಿಲ್ಲ. ಹುಡುಗಿಯ ಕೆಲಸ ಕಾಯಂ ಆಯಿತು. ಮುಚ್ಚಳದಮ್ಮನನ್ನು ಯಂತ್ರದಿಂದ ಬಿಡಿಸಿ, ಮೆಟ್ಟಿಲ ಕೆಳಗಿನ ಹಳೆಯ ಕಡತಗಳ ಕೋಣೆಗೆ ಹಾಕಿದರು. ನಿವೃತ್ತಿಯ ತನಕ ಅಲ್ಲೇ ಇದ್ದರು, ಅಲ್ಲಿಯೂ ಕಪಾಟುಗಳ ಬಾಗಿಲು ಧಪ್ಪೆನ್ನುತ್ತಿತ್ತು.

ಬೀಳ್ಕೊಡುಗೆಯ ದಿನ ಅದೇ ಮೇಲಧಿಕಾರಿ ಹಾರ ಹಾಕಿ, ಸ್ವಲ್ಪ ಮುಂಗೋಪ ಒಂದು ಬಿಟ್ಟರೆ ಬಂಗಾರದಂಥ ಮನುಷ್ಯರು ಎಂದು ಭಾಷಣ ಮಾಡಿದ. ಎಲ್ಲರೂ ಚಪ್ಪಾಳೆ ತಟ್ಟಿದರು. ಆ ಒಂದನ್ನು ಬಿಟ್ಟರೆ ಅವರಲ್ಲಿ ಇನ್ನೇನು ಉಳಿಯುತ್ತಿತ್ತು ಎಂದು ಎದ್ದು ಕೇಳಬೇಕೆನಿಸಿತು ನನಗೆ. ಹುಡುಗಿ ಮಾತ್ರ ಚಪ್ಪಾಳೆ ತಟ್ಟದೆ ಅವರ ಕೋಟಿನ ತೋಳು ಹಿಡಿದುಕೊಂಡು ನಿಂತಿದ್ದಳು.

ಈಗ ಕಚೇರಿ ತಣ್ಣಗಿದೆ. ಮೊನ್ನೆ ಗಾಜಿನ ಮೇಲೆ ಯಾರದೋ ವಿಚ್ಛೇದನದ ಕಾಗದ ಸಿಕ್ಕಿತಂತೆ. ನಾಲ್ಕಾರು ಜನ ಸುತ್ತ ನಿಂತು ಓದಿ, ಆಮೇಲೆ ಬಹು ವಿನಯದಿಂದ ಒಡೆಯರಿಗೆ ತಲುಪಿಸಿದರಂತೆ. ಮುಂಗೋಪಿಗಳೆಂದು ನಾವು ದೂರವಿಡುವವರಲ್ಲಿ, ಪರರ ಮಾನಕ್ಕಾಗಿ ಸಿಟ್ಟಾಗುವ ಒಂದು ಬಗೆಯ ಜನರಿದ್ದಾರೆ. ಅವರ ಬೈಗುಳ ಕಿವಿಗೆ ಕಹಿ, ನಿಜ. ಆದರೆ ಅವರಿರುವ ತನಕ ನಮ್ಮ ಸಂಕಟ ನಮ್ಮದಾಗಿಯೇ ಇರುತ್ತದೆ. ಅವರು ಹೋದ ಮೇಲೆ ಅದನ್ನು ಎಲ್ಲರೂ ಓದುತ್ತಾರೆ, ಮೆಲುದನಿಯಲ್ಲಿ.