ಹತ್ತು ಸೆಕೆಂಡು ಕಾಣೆಯಾಗುವ ಹುಡುಗಿ

ಹುಡುಗಿಗೆ ಏಳು ವರ್ಷ. ದಿನಕ್ಕೆ ಇಪ್ಪತ್ತು ಸಲವಾದರೂ, ಹತ್ತು ಸೆಕೆಂಡಿನ ಮಟ್ಟಿಗೆ, ಇದ್ದಲ್ಲೇ ಇಲ್ಲವಾಗುತ್ತಿದ್ದಳು. ಬಾಯಿಗೆ ಹೊರಟ ತುತ್ತು ಅರ್ಧದಲ್ಲೇ ನಿಲ್ಲುತ್ತಿತ್ತು. ರೆಪ್ಪೆ ಅದುರುತ್ತಿತ್ತು. ಆಮೇಲೆ ಏನೂ ಆಗದವಳಂತೆ ಉಣ್ಣುತ್ತಿದ್ದಳು. ಟೀಚರು ಇದನ್ನು ಕೊಬ್ಬು ಎಂದು ಗುರುತಿಸಿದ್ದರು. ಹೋದ ವಾರ ನಡುರಸ್ತೆಯಲ್ಲಿ ಹಾಗೆ ನಿಂತಾಗ ಲಾರಿಯೊಂದು ಗೇಣು ದೂರದಲ್ಲಿ ಬ್ರೇಕು ಹಾಕಿತು. ಡ್ರೈವರನೂ ಕೊಬ್ಬು ಎಂದೇ ಬೈದ. ಸೋಮವಾರದೊಳಗೆ ಡಾಕ್ಟರ ಕಾಗದ ತರದಿದ್ದರೆ ಶಾಲೆಯಿಂದ ಹೆಸರು ಹೊಡೆದುಹಾಕುವುದಾಗಿ ಹೆಡ್‌ಮಿಸ್ ಹೇಳಿಯಾಗಿತ್ತು.

ಅಮ್ಮ ದೊಡ್ಡಾಸ್ಪತ್ರೆಯ ಲಾಂಡ್ರಿಯಲ್ಲಿ ಇಸ್ತ್ರಿ ಹಾಕುವವಳು. ಅರ್ಧ ದಿನ ರಜೆ ಬೇಡಿ, ಮಕ್ಕಳ ನರರೋಗ ವಿಭಾಗದ ಬೆಂಚಿನಲ್ಲಿ ಬೆಳಗ್ಗೆ ಆರಕ್ಕೇ ಕೂತಳು. ದೊಡ್ಡವರ ಮುಂದೆ ಮಾನ ಹೋಗಬಾರದೆಂದು ಮಗಳಿಗೆ ಮೂರು ದಿನ ತಾಲೀಮು ಕೊಟ್ಟಿದ್ದಳು: ನೆಟ್ಟಗೆ ಕೂರು, ಕೇಳಿದ್ದಕ್ಕೆ ಟಕ್ಕನೆ ಉತ್ತರ ಕೊಡು.

ಹನ್ನೊಂದೂವರೆಗೆ ಕರೆ ಬಂತು. ಅಮ್ಮ ಹೇಳಿದ್ದನ್ನು ಅರ್ಧ ಕೇಳಿ ಡಾಕ್ಟರು ಹುಡುಗಿಯತ್ತ ತಿರುಗಿದರು.

"ಯಾವ ಕ್ಲಾಸು ಪುಟ್ಟಿ? ಐದೆಂಟ್ಲೆ ಎಷ್ಟು?"

"ಎರಡನೇ ಕ್ಲಾಸು. ನಲವತ್ತು."

"ಚೂಟಿ ಇದಾಳಲ್ಲಮ್ಮ! ಇದು ಕಾಯಿಲೆ ಅಲ್ಲ, ಹಟ." ಡಾಕ್ಟರು ಚೀಟಿಯಲ್ಲಿ ಬರೆದರು: ನಡತೆಯ ದೋಷ.

ತಾಲೀಮು ಫಲ ಕೊಟ್ಟಿತ್ತು. ಎಲ್ಲ ಸೇರಿ ಒಂದೂವರೆ ನಿಮಿಷ. ಅವರು ತೊಟ್ಟಿದ್ದ ಬಿಳಿ ಕೋಟಿನ ಕಾಲರಿಗೇ ಇಸ್ತ್ರಿ ಹಾಕುವಾಗ ಅಮ್ಮ ಅದಕ್ಕಿಂತ ಹೆಚ್ಚು ಹೊತ್ತು ಕೊಟ್ಟಿದ್ದಳು.

ಹೊರಗೆ, ಮಗುವನ್ನು ಮಡಿಲಲ್ಲಿಟ್ಟುಕೊಂಡು ಸರದಿ ಕಾಯುತ್ತಿದ್ದ ಕಸಗುಡಿಸುವ ಹೆಂಗಸು ಕೇಳಿದಳು. "ಊದಿಸಿದ್ರಾ?"

"ಏನನ್ನಕ್ಕಾ?"

"ಈ ಡಾಕ್ಟರದ್ದೇ ಪ್ರೈವೇಟ್ ಕ್ಲಿನಿಕ್ಕಿದೆಯಲ್ಲ, ಸಂಜೆ ಅಲ್ಲಿ ನೆಲ ಒರೆಸ್ತೀನಿ. ಇಂಥ ಮಕ್ಕಳ ಮುಂದೆ ಕಾಗದ ಹಿಡಿದು ಮೂರು ನಿಮಿಷ ಜೋರಾಗಿ ಊದಿಸ್ತಾರೆ. ಊದ್ತಾ ಊದ್ತಾ ಮಗು ಅವರ ಕಣ್ಣೆದುರಿಗೇ ಹಂಗೆ ನಿಂತುಬಿಡತ್ತೆ. ಆಮೇಲೆ ತಲೆಗೆ ತಂತಿ ಅಂಟಿಸಿ ನೋಡ್ತಾರೆ, ಮಾತ್ರೆ ಬರೀತಾರೆ."

"ಮತ್ತೆ ಇಲ್ಲಿ?"

"ಇಲ್ಲಿ ಗಾಳಿ ಕಮ್ಮಿಯೇನೋ ತಾಯಿ!"

ಇಸ್ತ್ರಿಯವಳು ಮರಳಿ ಒಳಗೆ ನುಗ್ಗಿ ಮಗಳನ್ನು ಸ್ಟೂಲಿನ ಮೇಲೆ ಕೂರಿಸಿದಳು. "ಊದಿಸಿ ಸಾರ್."

"ನೀನೇನು ಡಾಕ್ಟರಾ?"

"ಅಲ್ಲ ಸಾರ್. ಅದಕ್ಕೇ ನಿಮ್ಮನ್ನ ಕೇಳ್ತಿರೋದು."

"ಹೊರಗೆ ಅರವತ್ತು ಜನ ಕಾಯ್ತಿದಾರೆ! ಏಯ್, ಇವಳನ್ನ ಆಚೆ ಕಳಿಸು."

ಜವಾನ ಅವಳ ತೋಳಿಗೆ ಕೈ ಹಾಕಿದ. ಬಾಗಿಲಲ್ಲಿ ಕಸಗುಡಿಸುವವಳು ನಿಂತಿದ್ದಳು. ಅವಳ ಹಿಂದೆ ಇಡೀ ಬೆಂಚೇ ಎದ್ದು ಬಂದಿತ್ತು.

"ಕೈ ತೆಗಿಯಣ್ಣ. ಕಾಯೋರು ನಾವು, ಕಾಯ್ತೀವಿ. ಮಗು ಊದ್ಲಿ."

ಅಮ್ಮ ಆ ಚೀಟಿಯನ್ನೇ ಮಗಳ ಬಾಯಿಯ ಮುಂದೆ ಹಿಡಿದಳು. "ಊದು ಕಂದಾ."

ಚೀಟಿ ಪಟಪಟ ಅಂದಿತು. ಒಂದು ನಿಮಿಷ. ಎರಡು. ಮಗಳಿಗೆ ಅದು ಬರಲಿ ಎಂದು ಅಮ್ಮ ಬೇಡಿಕೊಂಡದ್ದು ಅದೇ ಮೊದಲು.

ಚೀಟಿಯ ಸದ್ದು ನಿಂತಿತು. ಹುಡುಗಿಯ ಕಣ್ಣು ಗೋಡೆಗೆ ನೆಟ್ಟಿತು. ಡಾಕ್ಟರು ಕರೆದರು. ಗಟ್ಟಿಯಾಗಿ ಮತ್ತೆ ಕರೆದರು.

"ಇನ್ನೂ ಊದ್ಲಾ ಅಮ್ಮಾ?" ಸ್ವಲ್ಪ ಹೊತ್ತಿಗೆ ಹುಡುಗಿ ಕೇಳಿದಳು.

ಡಾಕ್ಟರು ಬೇರೆ ಚೀಟಿ ಎಳೆದುಕೊಂಡರು. ಪರೀಕ್ಷೆ ಬರೆದರು, ಮಾತ್ರೆ ಬರೆದರು, ಶಾಲೆಗೆ ಕಾಗದ ಬರೆದರು. ಯಾರ ಮುಖವನ್ನೂ ನೋಡದೆ "ನೆಕ್ಸ್ಟ್" ಎಂದರು.

ಕಸಗುಡಿಸುವವಳು ತನ್ನ ಮಗುವಿನೊಂದಿಗೆ ಬಂದು ಕೂತಳು. ಡಾಕ್ಟರ ಕೈ ಅಭ್ಯಾಸಬಲದಿಂದ ಪೆನ್ನಿಗೆ ಹೋಯಿತು.

"ಪೆನ್ನು ಆಮೇಲೆ ಸಾರ್," ಎಂದಳು. "ಮೊದಲು ಮಗೂನ ನೋಡಿ."

ಬಾಗಿಲಲ್ಲಿದ್ದವರು ಒಬ್ಬರೂ ಬೆಂಚಿಗೆ ಮರಳಿರಲಿಲ್ಲ.