ತೊಲೆ ಏರಿಸಿದವರ ಊಟ

"ಏಯ್, ಹಾಸಿಗೆ ಮೇಲಲ್ಲ ಕಣಯ್ಯ, ನೆಲದ ಮೇಲೆ ಮಲಕ್ಕೊ! ಮೈಯೆಲ್ಲ ಸಿಮೆಂಟು ಮೆತ್ಕೊಂಡಿದೀಯ!"

ಮೇಸ್ತ್ರಿ ಸ್ಟೈನಾರ್ ಗದರಿದ. ನನ್ನ ಜೊತೆಗಾರ ರೋಲಂದಾಸ್ ಮಾದರಿ ಕೋಣೆಯ ನೆಲದ ಮೇಲೆ ಉದ್ದಕ್ಕೆ ಮಲಗಿದ. ವಿದ್ಯಾರ್ಥಿ ನಿಲಯದ ನಕ್ಷೆ ಬರೆದ, ಅದನ್ನು ಕಟ್ಟುತ್ತಿರುವ ಕಂಪನಿಯ ಮಾಲೀಕರೂ ಆದ ಹಾಲ್ವೋರ್ ಸಾಹೇಬರು ಅವನ ತಲೆಯಿಂದ ಗೋಡೆಗೆ ಟೇಪು ಹಿಡಿದು ವಿಶ್ವವಿದ್ಯಾಲಯದ ಹಿರಿಯರಿಗೆ ವಿವರಿಸಿದರು.

"ಒಬ್ಬ ಮನುಷ್ಯನಿಗೆ ಹದಿನೈದು ಚದರ ಮೀಟರ್ ಬೇಕೇ ಬೇಕು. ಕಮ್ಮಿಯಾದ್ರೆ ಮನಸ್ಸು ಕುಗ್ಗಿ ಹೋಗುತ್ತೆ."

"ನಮ್ ಶೆಡ್ಡಲ್ಲಿ ಇಷ್ಟೇ ಜಾಗದಲ್ಲಿ ನಾಲ್ಕು ಜನ ಮಲಗ್ತೀವಲ್ಲ ಸಾಹೇಬ್ರೆ?" ನೆಲದಿಂದಲೇ ಕೇಳಿದ ರೋಲಂದಾಸ್.

"ಅಳತೆಗೆ ಮಲಗಿರೋನು ಬಾಯಿ ಬಿಡ್ಬಾರ್ದು," ಎಂದ ಸ್ಟೈನಾರ್. ಹಿರಿಯರು ನಕ್ಕರು. ನನಗೆ ಮೈ ಉರಿಯಿತು.

ನಾರ್ವೆಯ ಈ ಟ್ರಾಂಡ್‌ಹೈಮ್ ಊರಿನಲ್ಲಿ ಒಂದು ರೂಢಿಯಿದೆ. ಕೊನೆಯ ತೊಲೆ ಏರಿದ ದಿನ ಮಾಲೀಕರು ಕೆಲಸಗಾರರನ್ನು ಕೂರಿಸಿ ಊಟ ಹಾಕಬೇಕು. ಲಿಥುವೇನಿಯಾದಿಂದ ಬಂದು ಒಂಬತ್ತು ವರ್ಷ ಇಲ್ಲಿ ಮರಗೆಲಸ ಮಾಡಿದ ನನಗೆ ಆ ಒಂದು ಊಟವೇ ದೊಡ್ಡದು. ಅವತ್ತೊಂದು ದಿನ ನಮ್ಮನ್ನೂ ಹೆಸರು ಹಿಡಿದು ಕರೆಯುತ್ತಾರೆ.

ಶುಕ್ರವಾರ ತೊಲೆ ಏರಿಸಿದೆವು. ಕೆಳಗೆ ಬಿಳಿ ಬಟ್ಟೆ ಹಾಸಿದ ಮೇಜು, ಕುರಿಮಾಂಸ ಎಲೆಕೋಸಿನ ಸಾರಿನ ಘಮ. ಕೈ ತೊಳೆದು ಬಂದರೆ ಸ್ಟೈನಾರ್ ಅಡ್ಡ ನಿಂತ.

"ನೀವೆಲ್ಲ ಏಜೆನ್ಸಿಯಿಂದ ಬಾಡಿಗೆಗೆ ಬಂದೋರು. ಊಟ ಕಂಪನಿಯೋರಿಗೆ. ಬೇಲಿ ಹಿಂದಕ್ಕೆ ಹೋಗ್ರಯ್ಯ, ಫೋಟೋ ತೆಗೀತಾರೆ."

"ತೊಲೆ ಹೊತ್ತೋರು ನಾವು. ಅವ್ರೇನು ಹೊತ್ರು, ಪೆನ್ನಾ?" ರೋಲಂದಾಸ್ ಉಗಿದ. "ಥೂ, ಇವ್ರ ಮನೆ ಹಾಳಾಗ!"

ಊಟ ಹಾಕದ ಮಾಲೀಕನಿಗೆ ಸಲ್ಲುವ ಮರ್ಯಾದೆಯೂ ಈ ಊರಿನಲ್ಲಿದೆ. ಜಿಪುಣ ಎಂದು ಸಾರಲು ತೊಲೆಯ ಮೇಲೆ ಬೆದರುಬೊಂಬೆ ಕೂರಿಸುತ್ತಾರೆ. ಹಳೇ ಮೇಲಂಗಿಯೊಳಗೆ ಹುಲ್ಲು ತುರುಕಿದೆವು. ಹಾಲ್ವೋರ್ ಸಾಹೇಬರಂತೆಯೇ ಕೆಂಪು ಶಾಲು, ತಂತಿಯ ದುಂಡು ಕನ್ನಡಕ. ತೊಡೆಯ ಮೇಲೊಂದು ಖಾಲಿ ತಟ್ಟೆ. ಹಿಂಬದಿಯ ಏಣಿ ಹತ್ತಿ ಅದನ್ನು ತೊಲೆಯ ಮೇಲೆ ಕೂರಿಸಿ ಬೇಲಿ ಹಿಂದಕ್ಕೆ ಬಂದು ನಿಂತೆವು.

ಸಾಹೇಬರ ಭಾಷಣದ ನಡುವೆ ಯಾರೋ ಮೇಲೆ ನೋಡಿದರು. ಮೇಜಿನ ಉದ್ದಕ್ಕೂ ನಗು ಹಬ್ಬಿತು. ಸಾಹೇಬರು ಮಾತ್ರ ನಗಲಿಲ್ಲ.

"ಇಳಿಸ್ರೋ ಅದನ್ನ, ಬೋಳಿಮಕ್ಳಾ!" ಸ್ಟೈನಾರ್ ಬೇಲಿಯ ಹತ್ತಿರ ಓಡಿಬಂದ. "ಇಲ್ದಿದ್ರೆ ನಾಳೆಯಿಂದ ಒಬ್ನೂ ಕೆಲಸಕ್ಕೆ ಬರ್ಬೇಡಿ!"

ಏಜೆನ್ಸಿಯ ನಾವು ಹನ್ನೊಂದು ಜನವೂ ಏಣಿ ಹತ್ತಿದೆವು. ಸ್ಟೈನಾರ್ ಸೊಂಟದ ಮೇಲೆ ಕೈಯಿಟ್ಟು ಸಮಾಧಾನದಿಂದ ನಿಂತ. ನಾವು ಬೊಂಬೆಯ ಎರಡೂ ಪಕ್ಕದಲ್ಲಿ, ತೊಲೆಯ ಮೇಲೆ, ಕಾಲು ಇಳಿಬಿಟ್ಟು ಸಾಲಾಗಿ ಕೂತೆವು. ಕೊನೆಗೆ ಬಂದ ರೋಲಂದಾಸ್ ಏಣಿಯನ್ನು ಮೇಲಕ್ಕೆಳೆದುಕೊಂಡ.

"ಸ್ಟೈನಾರಣ್ಣಾ," ನಾನು ಕೂಗಿದೆ, "ಪಂಕ್ತಿಗೆ ಕೂತಿದೀವಿ, ಬಡಿಸ್ರಯ್ಯ!"